ನಿರೂಪಕ (ಕನ್ನಡ ಕಥನದಲ್ಲಿ)

ಕಥೆಯ ಒಳಗಿದ್ದೋ ಹೊರಗೆ ನಿಂತೋ ಅದನ್ನು ಹೇಳುವ ದನಿ. ಅದು ಲೇಖಕರದೇ ಆಗಿರಬೇಕಿಲ್ಲ. ಏನನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ನಿರೂಪಕನದಾದ್ದರಿಂದ ತಿಳಿದೂ ಹೇಳದೆ ಉಳಿದದ್ದರ ಹೊಣೆಯೂ ಅವನ ಮೇಲೇ ಬರುತ್ತದೆ.

ಹಿನ್ನೆಲೆ

ಮಹಾಭಾರತದಲ್ಲಿ ಯುದ್ಧವನ್ನು ಸಂಜಯ ಕಂಡು ಧೃತರಾಷ್ಟ್ರನಿಗೆ ಹೇಳುತ್ತಾನೆ. ಎಲ್ಲ ಕೇಳಿಸಿಕೊಂಡೂ ತಡೆಯದ ಧೃತರಾಷ್ಟ್ರ ಬರಿಯ ಕೇಳುಗನಲ್ಲ. ಹೊಸಗನ್ನಡದಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರರು (1891–1986) ಒಬ್ಬರ ಬಾಳನ್ನು ಇನ್ನೊಬ್ಬರು ಕೇಳಿ ಹೇಳುವ ಕ್ರಮವನ್ನು ಚೆನ್ನಾಗಿ ಪಳಗಿಸಿಕೊಂಡಿದ್ದರು. ‘ಮೊಸರಿನ ಮಂಗಮ್ಮ’ದಲ್ಲಿ ಮೊಸರು ಮಾರಲು ಬರುವವಳ ಸೊಸೆಯ ಜಗಳ, ಮೊಮ್ಮಗನ ಹಂಬಲ ನಮಗೆ ತಲುಪುವುದು ಮೊಸರು ಕೊಳ್ಳುವ ಗೃಹಿಣಿಯ ಮಾತಿನಲ್ಲಿ. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಬೇರೆ ದಾರಿ ಹಿಡಿಯುತ್ತದೆ. ಚೆನ್ನನ ಕೊಲೆಯನ್ನು ಸುತ್ತಿಕೊಂಡ ಈ ಕಥನದಲ್ಲಿ ಮನುಷ್ಯರಷ್ಟೇ ಅಲ್ಲ, ಮನೆಮನೆಯ ದೀಪದ ಜೀವಗಳಾದ ಜೋತಮ್ಮಗಳೂ ಕೂತು ಮಾತಾಡುತ್ತವೆ.

‘ಘಾಚರ್ ಘೋಚರ್’ನ ‘ನಾನು’

ವಿವೇಕ ಶಾನಭಾಗರ ಈ ಕಿರುಕಾದಂಬರಿಯ (2013, ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದ 2015) ನಿರೂಪಕನಿಗೆ ಹೆಸರಿಲ್ಲ. ಚಿಕ್ಕಪ್ಪನ ಸೋನಾ ಮಸಾಲ ಕಂಪನಿಯಲ್ಲಿ ಅವನು ಹೆಸರಿಗಷ್ಟೇ ನಿರ್ದೇಶಕ. ಸಂಬಳ ತಪ್ಪದೆ ಬರುತ್ತದೆ, ಹಗಲೆಲ್ಲ ಕಾಫಿ ಹೌಸಿನಲ್ಲಿ ಕಳೆಯುತ್ತದೆ. ಒಂದು ದಿನ ಹೆಂಗಸೊಬ್ಬಳು ಚಿಕ್ಕಪ್ಪನನ್ನು ಹುಡುಕಿಕೊಂಡು ಮಸೂರು ಬೇಳೆ ಸಾರು ಹಿಡಿದು ಮನೆ ಬಾಗಿಲಿಗೆ ಬರುತ್ತಾಳೆ. ಅಮ್ಮನೂ ಅಕ್ಕ ಮಾಲತಿಯೂ ಬಾಯಿಗೆ ಬಂದಂತೆ ಬೈದು ಓಡಿಸುತ್ತಾರೆ. ಚಿಕ್ಕಪ್ಪ ಹೊರಗೆ ಬರುವುದಿಲ್ಲ. ನಿರೂಪಕ ಅಲ್ಲೇ ಇದ್ದಾನೆ, ನೋಡುತ್ತಾನೆ, ಸುಮ್ಮನಿರುತ್ತಾನೆ. ಇದು ಸರಿಯಲ್ಲ ಎಂದು ಆಡಿ ತೋರಿಸುವವಳು ಹೆಂಡತಿ ಅನಿತಾ ಒಬ್ಬಳೇ.

ಈ ಪ್ರಸಂಗ ಬಹುಶಃ ಇಡೀ ಕೃತಿಯ ಕೀಲಿ. ಅವನು ಸುಳ್ಳು ಹೇಳುವುದಿಲ್ಲ. ಕಂಡದ್ದನ್ನು ಒಪ್ಪವಾಗಿಯೇ ಒಪ್ಪಿಸುತ್ತಾನೆ. ಇರುವೆಗಳನ್ನು ಹೊಸಕುವ ಮನೆಯವರ ಹುರುಪನ್ನೂ, ಕೊಲೆಗಳ ಬಗ್ಗೆ ಅವರೆಲ್ಲ ಕೂತು ಹರಟಿದ್ದನ್ನೂ ಅದೇ ತಣ್ಣನೆಯ ದನಿಯಲ್ಲಿ ಹೇಳುತ್ತಾನೆ. ಇವನ್ನು ಒಂದಕ್ಕೊಂದು ಜೋಡಿಸುವ ಕೆಲಸ ಮಾತ್ರ ಅವನಿಂದ ಆಗದು, ಅಥವಾ ಅವನಿಗೆ ಬೇಕಿಲ್ಲ. ತವರಿಗೆ ಹೋದ ಅನಿತಾ ಹೇಳಿದ ಹೊತ್ತಿಗೆ ಬಂದಿಲ್ಲ. ಅವಳಿಗೆ ಏನಾಗಿದೆ ಎಂದು ಪುಸ್ತಕ ಎಲ್ಲಿಯೂ ಹೇಳುವುದಿಲ್ಲ. ಕೇಡಾಗಿದೆ ಎಂಬ ಓದು ಪ್ರಬಲವಾದರೂ ಅದು ಓದುಗರು ಜೋಡಿಸಿಕೊಂಡದ್ದು. ನಿರೂಪಕನನ್ನು ಹೇಡಿ ಎನ್ನುವುದು ಸುಲಭ. ಆದರೆ ಚಿಕ್ಕಪ್ಪನ ದುಡಿಮೆಯಲ್ಲಿ ಉಣ್ಣುವ ಮನೆಯಲ್ಲಿ ಚಿಕ್ಕಪ್ಪನನ್ನು ಪ್ರಶ್ನಿಸದಿರುವುದು ಒಬ್ಬನ ಸ್ವಭಾವವಲ್ಲ, ಮನೆಯ ಕಟ್ಟಳೆ.

ಅರಿಯದ ನಿರೂಪಕ

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ‘ಘಾಚರ್ ಘೋಚರ್’ಗೆ ಎದುರು ನಿದರ್ಶನ. ಇಲ್ಲಿನ ಕೃಷಿಕ ನಿರೂಪಕ ತನಗೆ ತಿಳಿಯದ್ದನ್ನು ಮುಚ್ಚಿಡುವುದಿಲ್ಲ. ಜೇನು ಸಾಕುವ ಮಂದಣ್ಣನನ್ನು ಅವನು ಹಗುರವಾಗಿ ಎಣಿಸಿದಾಗ ಓದುಗರೂ ಹಾಗೇ ಎಣಿಸುತ್ತಾರೆ. ಆ ಎಣಿಕೆಯನ್ನು ತಿದ್ದುವುದು ಮಂದಣ್ಣನಲ್ಲಿ ಹುಟ್ಟು ನಿಸರ್ಗತಜ್ಞನನ್ನು ಕಾಣುವ ವಿಜ್ಞಾನಿ ಕರ್ವಾಲೊ.