ನಮ್ಮ ಬೆಳೆಗಳ ರೋಗ ಮತ್ತು ಬೀಜದ ಬಲ: ಒಂದು ಹಿನ್ನೋಟ

ನಮ್ಮ ಸಂಘವು ಬೆಳ್ಳಿಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸಾಲ, ಠೇವಣಿ, ಗೋದಾಮಿನ ಲೆಕ್ಕ ಬೇರೆ ಪುಟಗಳಲ್ಲಿ ಬಂದಿದೆ. ನಾವು ಇಲ್ಲಿ ಬರೆಯುವುದು ಆ ಲೆಕ್ಕದ ಹಿಂದಿರುವ ಇನ್ನೊಂದು ಕಥೆ. ಬೆಳೆ ಒಣಗಿದ ವರ್ಷ ಸಾಲದ ಕಂತು ನಿಲ್ಲುತ್ತದೆ, ಕಂತು ನಿಂತರೆ ಸಂಘ ಸೊರಗುತ್ತದೆ. ಆದ್ದರಿಂದ ಬೆಳೆ ರೋಗದ ಇತಿಹಾಸವೆಂದರೆ ನಮ್ಮ ಬಾಕಿ ವಹಿಯ ಇತಿಹಾಸವೂ ಹೌದು.

ನಮ್ಮ ಸದಸ್ಯರಲ್ಲಿ ದೇವದುರ್ಗದ ಕಡೆ ಎರೆ ಹೊಲದವರಿಗೆ ತೊಗರಿ, ಹತ್ತಿ, ಜೋಳ ಆಧಾರ. ಮಾನ್ವಿ ಕಡೆ ಕಾಲುವೆ ನೀರು ಇದ್ದವರಿಗೆ ಭತ್ತ. ರೋಗದ ಕಾಟ ಇಬ್ಬರಿಗೂ ತಪ್ಪಿಲ್ಲ.

ಮೊದಲು ತೊಗರಿಯ ಮಾತು. ಹೂ ಬಿಟ್ಟು ಕಾಯಿ ಹಿಡಿಯುವ ಹೊತ್ತಿಗೆ ಸರಿಯಾಗಿ ಗಿಡ ನಿಂತಲ್ಲೇ ಒಣಗುತ್ತದೆ. ಇದೇ ನೆಟೆ ರೋಗ. ನಮ್ಮ ಹಿರಿಯರು "ಹೊಲಕ್ಕ ಯಾರದೋ ಕಣ್ಣು ಬಿದ್ದದ" ಅಂತಿದ್ದರು. ನಿಜವಾದ ಕಾರಣವನ್ನು ತೋರಿಸಿದವರು ಬಿಹಾರದ ಪೂಸಾ ಸಂಶೋಧನಾ ಸಂಸ್ಥೆಯಲ್ಲಿದ್ದ ಇ. ಜೆ. ಬಟ್ಲರ್ ಸಾಹೇಬರು. ರೋಗ ತರುವ ಶಿಲೀಂಧ್ರಕ್ಕೆ ಅವರು 1910ರಲ್ಲಿ ಫ್ಯುಜೇರಿಯಂ ಉಡಮ್ ಎಂದು ಹೆಸರಿಟ್ಟರು. ಈ ಶಿಲೀಂಧ್ರ ಹಳೆಯ ಕೂಳೆಯಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಬೇರಿನಿಂದ ಒಳಹೊಕ್ಕು ನೀರು ಏರುವ ನಾಳಗಳನ್ನು ಕಟ್ಟಿಬಿಡುತ್ತದೆ. ಭೂಮಿಯಲ್ಲಿ ಹಸಿ ಇದ್ದರೂ ಗಿಡಕ್ಕೆ ನೀರಿಲ್ಲ. ಕಾಂಡ ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ಆಗ ಎಲೆಯ ಮೇಲೆ ಎಷ್ಟು ಔಷಧಿ ಹೊಡೆದರೂ ಅಷ್ಟಕ್ಕಷ್ಟೇ.

ಪರಿಹಾರ ಬಂದದ್ದು ಬೀಜದ ಕಡೆಯಿಂದ. ಹೈದರಾಬಾದ್ ಹತ್ತಿರದ ಪಟಂಚೇರುವಿನಲ್ಲಿ 1972ರಲ್ಲಿ ಇಕ್ರಿಸ್ಯಾಟ್ ಸಂಸ್ಥೆ ಆರಂಭವಾಯಿತು. ಅಲ್ಲಿ ಬೇಕೆಂದೇ ರೋಗ ತುಂಬಿದ ಮಣ್ಣಿನಲ್ಲಿ ಸಾವಿರಾರು ಬಗೆಯ ತೊಗರಿ ಬಿತ್ತಿ, ಬದುಕಿ ಉಳಿದದ್ದನ್ನು ಆರಿಸಿದರು. ಆ ಸಂಶೋಧನೆಯ ಫಲವೇ 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ ಐಸಿಪಿ 8863, ನಮ್ಮೆಲ್ಲರಿಗೂ ಗೊತ್ತಿರುವ 'ಮಾರುತಿ'.

ಆದರೆ ಮಾರುತಿ ನೆಟೆಗೆ ಗಟ್ಟಿ, ಗೊಡ್ಡು ರೋಗಕ್ಕೆ ಅಲ್ಲ. ಗೊಡ್ಡು ಬಿದ್ದ ಗಿಡ ಪೊದೆಯಂತೆ ಬೆಳೆಯುತ್ತದೆ, ಹೂವೇ ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. 1931ರಲ್ಲೇ ಪೂಸಾದಲ್ಲಿ ಈ ರೋಗ ವರದಿಯಾಗಿದ್ದರೂ, ಅದರ ವೈರಸ್ ಸಿಕ್ಕಿದ್ದು 2000ದ ಆಸುಪಾಸಿನಲ್ಲಿ. ಒಂದು ರೋಗದ ಬೇರು ಹುಡುಕಲು ಸುಮಾರು ಎಪ್ಪತ್ತು ವರ್ಷ! ಎರಡೂ ರೋಗ ತಡೆಯುವ 'ಆಶಾ' ಎಂಬ ತಳಿ ಆಮೇಲೆ ಬಂತು.

ಗಿಡ ರೋಗವನ್ನು ತಡೆಯುವುದಾದರೂ ಹೇಗೆ? ಅದಕ್ಕೆ ಓಡಲು ಕಾಲಿಲ್ಲ. ಆದರೆ ವೈರಿಯನ್ನು ಗುರುತು ಹಿಡಿಯುವ ಶಕ್ತಿ ಬೀಜದಲ್ಲೇ ಇರುತ್ತದೆ. ಎಷ್ಟೋ ಬೆಳೆಗಳಲ್ಲಿ ರೋಗಾಣು ತಾಗಿದ ಕೂಡಲೇ ಗಿಡ ಆ ಜಾಗದ ತನ್ನ ಜೀವಕೋಶಗಳನ್ನು ತಾನೇ ಸಾಯಿಸಿ, ರೋಗ ಮುಂದೆ ಹರಡದಂತೆ ಮಾಡುತ್ತದೆ. ಬಣವಿಗೆ ಬೆಂಕಿ ಬಿದ್ದಾಗ ಪಕ್ಕದ ಸೊಪ್ಪೆ ಎಳೆದು ಹಾಕುತ್ತೇವಲ್ಲ, ಹಾಗೆ. ಅಮೆರಿಕದ ಎಚ್. ಎಚ್. ಫ್ಲೋರ್ ಎಂಬುವರು 1940ರ ದಶಕದಲ್ಲಿ ಅಗಸೆಯ ತುಕ್ಕು ರೋಗ ಪರೀಕ್ಷಿಸಿ, ಗಿಡದ ಪ್ರತಿ ಕೀಲಿಗೂ ರೋಗಾಣುವಿನಲ್ಲಿ ಒಂದು ಜೋಡಿ ಇದೆ ಎಂದು ತೋರಿಸಿದರು. ರೋಗಾಣು ಬದಲಾದರೆ ಹಳೆಯ ಕೀಲಿ ಕೆಲಸಕ್ಕೆ ಬಾರದು. ನಾವು ನೆನಪಿಡಬೇಕಾದ ಮಾತು ಇದು.

ಇನ್ನು ಭತ್ತ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯಲು ಶುರುವಾಯಿತು, ಜೋಳದ ಹೊಲ ಗದ್ದೆಯಾಯಿತು. ಬಾಪಟ್ಲದಲ್ಲಿ 1986ರಲ್ಲಿ ಬಿಡುಗಡೆಯಾದ ಬಿಪಿಟಿ 5204 ತಳಿ ನಮ್ಮ ಕಡೆಗೂ ಹಬ್ಬಿತು. ಅಕ್ಕಿ ಸಣ್ಣ, ರುಚಿ ಒಳ್ಳೇದು, ದರ ಸಿಗುತ್ತದೆ. ಆದರೆ ಬೆಂಕಿ ರೋಗಕ್ಕೂ ದುಂಡಾಣು ಅಂಗಮಾರಿಗೂ ಅದು ಬೇಗ ತುತ್ತಾಗುತ್ತದೆ. ಹೈದರಾಬಾದಿನ ವಿಜ್ಞಾನಿಗಳು ಈ ತಳಿಗೇ ಮೂರು ರೋಗನಿರೋಧಕ ವಂಶವಾಹಿಗಳನ್ನು ಸಂಕರಣದಿಂದ ಸೇರಿಸಿ, 2008ರಲ್ಲಿ ಅಂಗಮಾರಿ ತಡೆಯುವ 'ಸುಧಾರಿತ ಸಾಂಬಾ ಮಸೂರಿ' ಹೊರತಂದರು. ಅದರಲ್ಲೊಂದು ವಂಶವಾಹಿ ಮೂಲತಃ ಆಫ್ರಿಕಾದ ಮಾಲಿ ದೇಶದ ಕಾಡು ಭತ್ತದ್ದು. ನಮ್ಮ ಗದ್ದೆಯ ರೋಗಕ್ಕೆ ಮದ್ದು ಎಲ್ಲಿಂದ ಬಂತು ನೋಡಿರಿ! ಆದರೆ ಈ ಕಾವಲೂ ಅಂಗಮಾರಿಗೆ ಮಾತ್ರ, ಬೆಂಕಿ ರೋಗಕ್ಕಲ್ಲ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಯೂರಿಯಾ ಹೆಚ್ಚಾದಷ್ಟೂ ಬೆಂಕಿ ರೋಗ ಹೆಚ್ಚು. ಗೊತ್ತಿದ್ದೂ "ಇನ್ನೊಂದು ಚೀಲ ಕೊಡ್ರಿ" ಅಂದವರಿಗೆ ಇಲ್ಲ ಎನ್ನದೆ ನಮ್ಮ ಗೋದಾಮಿನಿಂದಲೇ ಕೊಟ್ಟಿದ್ದೇವೆ. ಹಸಿರು ಕಂಡು ಸಂತೋಷಪಟ್ಟೆವು, ಕೊಯ್ಲಿಗೆ ಜೊಳ್ಳು ಕಂಡೆವು. ತೊಗರಿಯಲ್ಲೂ ಅಷ್ಟೇ. ಮಿಶ್ರ ಬೆಳೆ ಬಿಟ್ಟು, ಅದೇ ಹೊಲಕ್ಕೆ ವರ್ಷಾವರ್ಷ ತೊಗರಿ ಹಾಕಿದೆವು. ಹಿರಿಯರು ತೊಗರಿಯ ಜೊತೆ ಜೋಳ ಬಿತ್ತುತ್ತಿದ್ದರು. ಅದರಿಂದ ನೆಟೆ ಕಡಿಮೆಯಾಗುತ್ತದೆಂದು ಇಕ್ರಿಸ್ಯಾಟ್‌ನ ಪ್ರಯೋಗಗಳೂ ತೋರಿಸಿವೆ. ಓದು ಬಾರದ ಹಿರಿಯರು ಮಾಡಿದ್ದು ಶಾಸ್ತ್ರವೇ ಆಗಿತ್ತು.

2022ರ ಹಂಗಾಮಿನಲ್ಲಿ ಕಲಬುರಗಿ ಸೀಮೆಯಲ್ಲಿ ತೊಗರಿ ನೆಟೆ ಹಾಯ್ದು, ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ನೆಟೆ ತಡೆಯುವ ತಳಿಗಳು ಬಂದು ದಶಕಗಳಾದ ಮೇಲೂ ಹೀಗಾಯಿತು. ಒಂದೇ ಬೀಜ ನಂಬಿ ಕೂತರೆ ಆಗದು.

ರಾಯಚೂರಿನಲ್ಲೇ 2008ರಿಂದ ಕೃಷಿ ವಿಶ್ವವಿದ್ಯಾಲಯ ಇದೆ. ಅದಕ್ಕೂ ಮೊದಲು ಇಲ್ಲಿನ ಕೃಷಿ ಕಾಲೇಜು ಧಾರವಾಡದ ಅಧೀನದಲ್ಲಿತ್ತು. ಮನೆ ಬಾಗಿಲಿಗೆ ಬಂದ ವಿದ್ಯೆಯನ್ನು ಬಳಸದಿದ್ದರೆ ತಪ್ಪು ನಮ್ಮದೇ.

ಆದುದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಗಿಡ ಒಣಗಿದರೆ ಔಷಧಿ ಅಂಗಡಿಗೆ ಓಡುವ ಮುನ್ನ ಬೇರು ಸಮೇತ ಕಿತ್ತು ವಿಶ್ವವಿದ್ಯಾಲಯದವರಿಗೆ ತೋರಿಸಿರಿ. ತೊಗರಿ ಬೀಜಕ್ಕೆ ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚಿ ಬಿತ್ತಿರಿ. ಹೊಲದ ಬೆಳೆ ಬದಲಿಸಿರಿ. ಊರಿಗೆಲ್ಲ ಒಂದೇ ತಳಿ ಬೇಡ. ಸಂಘವೂ ಮುಂದೆ ಗೊಬ್ಬರದ ಚೀಲದ ಲೆಕ್ಕದ ಜೊತೆಗೆ ಯಾವ ಹೊಲಕ್ಕೆ ಯಾವ ರೋಗ ಬಂತು, ಯಾವ ಬೀಜ ತಾಳಿತು ಎಂಬ ವಹಿಯನ್ನೂ ಇಡಲಿ. ಸುವರ್ಣ ಮಹೋತ್ಸವದ ಸಂಚಿಕೆ ಬರೆಯುವ ನಮ್ಮ ಮಕ್ಕಳಿಗೆ ಸಾಲದ ವಹಿಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂದೀತು.