ಮಾರ್ನಾಕಿನ ದೇವಸಭೆ

ಧರ್ಮಸಂಸ್ಥೆಗಳ ಇತಿಹಾಸವೆಂದರೆ ಪೀಠಾಧಿಪತಿಗಳ ಹಾಗೂ ಮಹಾಸಭೆಗಳ ಇತಿಹಾಸವೆಂದು ಭಾವಿಸುವುದು ವಾಡಿಕೆ. ಆದರೆ ಹಳ್ಳಿಯ ಒಕ್ಕಲು ಮಕ್ಕಳ ದೃಢತೆಯೂ ಆ ಇತಿಹಾಸದಲ್ಲಿ ಎಷ್ಟು ದೊಡ್ಡ ಪಾತ್ರ ವಹಿಸಬಲ್ಲುದೆಂಬುದಕ್ಕೆ ಸ್ಕಾಟ್ಲೆಂಡಿನ ಈಶಾನ್ಯ ಭಾಗದ ಮಾರ್ನಾಕ್ ಎಂಬ ಊರು ಸಾಕ್ಷಿಯಾಗಿದೆ.

ಆ ದೇಶದ ರಾಷ್ಟ್ರೀಯ ಧರ್ಮಸಭೆಯು ಪ್ರೆಸ್ಬಿಟೀರಿಯನ್ ಪದ್ಧತಿಯದು. ಅಲ್ಲಿ ಬಿಷಪ್ಪರಿಲ್ಲ, ಸಭಾಪಾಲಕರೂ ಊರವರಲ್ಲಿಯೇ ಆಯ್ದ ಹಿರಿಯರೂ ಕೂಡಿ ಆಡಳಿತವನ್ನು ನಡೆಸುವರು. ಹಿಂದೆ ಬಡವರ ಪೋಷಣೆಯೂ ಇವರ ಹೊಣೆಯೇ ಆಗಿದ್ದು, ದೇವಾಲಯದ ಬಾಗಿಲಲ್ಲಿ ಕೂಡಿದ ಕಾಣಿಕೆಯಿಂದ ವಿಧವೆಯರಿಗೂ ವೃದ್ಧರಿಗೂ ಸಹಾಯ ಸಲ್ಲುತ್ತಿತ್ತು. ತಪ್ಪಿ ನಡೆದವರನ್ನು ಸಭೆಯೆದುರು ನಿಲ್ಲಿಸಿ ಛೀಮಾರಿ ಹಾಕುತ್ತಿದ್ದುದೂ ಉಂಟು. ಆ ಶಿಕ್ಷೆ ಕಠೋರವಾದುದೆಂದೇ ಹೇಳಬೇಕು.

ಆರಾಧನೆ ಅತ್ಯಂತ ಸರಳವಾಗಿತ್ತು. ಹಳ್ಳಿಗಳಲ್ಲಿ ವಾದ್ಯಗಳಿರಲಿಲ್ಲ. ಹಾಡುಗಾರನೊಬ್ಬನು ಕೀರ್ತನೆಯ ಒಂದೊಂದೇ ಸಾಲನ್ನು ಹೇಳಿಕೊಡುತ್ತಿದ್ದನು. ಜನರು ಕುಳಿತು ಹಾಡುತ್ತಿದ್ದರು, ಪ್ರಾರ್ಥನೆಗೆ ಎದ್ದು ನಿಲ್ಲುತ್ತಿದ್ದರು. ಅನೇಕ ಊರುಗಳಲ್ಲಿ ಈ ಹಾಡುಗಾರನು ಶಾಲೆಯ ಉಪಾಧ್ಯಾಯನೇ ಆಗಿದ್ದನು. ಹಿರಿಯರ ಕೂಟದ ನಡಾವಳಿಯನ್ನು ಬರೆಯುತ್ತಿದ್ದವನೂ ಅವನೇ. ಊರೂರಿಗೂ ಶಾಲೆಯಿರಬೇಕೆಂದು 1696ರ ಶಾಸನವು ಭೂಮಾಲಿಕರಿಗೆ ವಿಧಿಸಿದ್ದಿತು. ಮಕ್ಕಳು ಅಲ್ಲಿ 107 ಪ್ರಶ್ನೆಗಳ ಪ್ರಶ್ನೋತ್ತರವನ್ನು ಬಾಯಿಪಾಠ ಮಾಡುತ್ತಿದ್ದರು. ಕರ್ತನ ಭೋಜನದ ಕಾಲ ಬಂದಾಗ ಹಿರಿಯರು ಯೋಗ್ಯರಾದವರಿಗೆ ಸೀಸದ ಬಿಲ್ಲೆಗಳನ್ನು ಕೊಡುತ್ತಿದ್ದರು. ಅದನ್ನು ಒಪ್ಪಿಸಿ, ಬಿಳಿಯ ಬಟ್ಟೆ ಹಾಸಿದ ಉದ್ದನೆಯ ಮೇಜಿನ ಸುತ್ತ ಎಲ್ಲರೂ ಒಂದೇ ಪಂಕ್ತಿಯವರಂತೆ ಕುಳಿತು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುತ್ತಿದ್ದರು.

ಇಷ್ಟೆಲ್ಲವನ್ನೂ ತಾನೇ ನಡೆಸಿಕೊಳ್ಳುತ್ತಿದ್ದ ಸಭೆಗೆ ತನ್ನ ಪಾಲಕನನ್ನು ಆರಿಸುವ ಹಕ್ಕು ಇರಲಿಲ್ಲ. 1712ರಿಂದ ಆ ಹಕ್ಕು ಹೆಚ್ಚಾಗಿ ಜಮೀನುದಾರರ ಕೈಸೇರಿದ್ದಿತು. ಜನರಿಗೆ ಒಪ್ಪಿಗೆಯಾಗದವರನ್ನು ನಿರಾಕರಿಸಬಹುದೆಂದು 1834ರಲ್ಲಿ ಮಹಾಸಭೆಯು ನಿಯಮ ಮಾಡಿದರೂ ನ್ಯಾಯಾಲಯಗಳು ಅದನ್ನು ಮನ್ನಿಸಲಿಲ್ಲ.

ಮಾರ್ನಾಕಿಗೆ ಎಡ್ವರ್ಡ್ಸ್ ಎಂಬವರನ್ನು ನೇಮಿಸಿದಾಗ ಸುಮಾರು 300 ಮಂದಿ ಮನೆಯ ಯಜಮಾನರಲ್ಲಿ 261 ಮಂದಿ ವಿರೋಧಿಸಿದರು. ಆಹ್ವಾನಪತ್ರಕ್ಕೆ ಸಹಿ ಹಾಕಿದ ಊರವನು ಒಬ್ಬನೇ. ಅವನು ಹೋಟೆಲಿನ ಯಜಮಾನ. ಆದರೂ 1841ನೆಯ ಜನವರಿ 21ರಂದು, ನೆಲವೆಲ್ಲ ಹಿಮದಿಂದ ಮುಚ್ಚಿದ್ದ ದಿನ, ನ್ಯಾಯಾಲಯದ ಬಲದಿಂದ ಪಟ್ಟ ಕಟ್ಟಲು ಅಧಿಕಾರಿಗಳು ಬಂದರು. ಊರವರು ತಮ್ಮ ವಿರೋಧವನ್ನು ಓದಿಸಿ, ಬೈಬಲುಗಳನ್ನು ಎತ್ತಿಕೊಂಡು, ತಮ್ಮ ಪೂರ್ವಿಕರು ಕುಳಿತ ಪೀಠಗಳನ್ನು ಬಿಟ್ಟು ಮೌನವಾಗಿ ಹೊರನಡೆದರು. ಆಮೇಲೆ ತಮ್ಮದೇ ಬೇರೊಂದು ದೇವಾಲಯವನ್ನು ಕಟ್ಟಿಕೊಂಡರು.

1843ನೆಯ ಮೇ 18ರಂದು ಎಡಿನ್‌ಬರೋದಲ್ಲಿ ಇದೇ ತತ್ತ್ವಕ್ಕಾಗಿ 450ಕ್ಕೂ ಹೆಚ್ಚು ಪಾಲಕರು ಸಂಬಳವನ್ನೂ ವಸತಿಯನ್ನೂ ತ್ಯಜಿಸಿ ಸ್ವತಂತ್ರ ಸಭೆಯನ್ನು ಸ್ಥಾಪಿಸಿದರು. ಅವರನ್ನು ಅನುಸರಿಸಿದ ಅನೇಕ ಉಪಾಧ್ಯಾಯರು ಕೆಲಸ ಕಳೆದುಕೊಂಡರು. ನಮ್ಮ ದೇಶದಲ್ಲಿದ್ದ ಅಲೆಕ್ಸಾಂಡರ್ ಡಫ್, ಜಾನ್ ವಿಲ್ಸನ್ ಮೊದಲಾದ ಮಿಷನರಿಗಳೂ ಆ ಪಕ್ಷವನ್ನೇ ಸೇರಿದರು. ಜಮೀನುದಾರರ ಹಕ್ಕು ರದ್ದಾದುದು 1874ರಲ್ಲಿ. ಹೆಂಗಸರು ಹಿರಿಯರ ಸ್ಥಾನಕ್ಕೆ ಅರ್ಹರಾಗಲು 1966ರವರೆಗೆ ಕಾಯಬೇಕಾಯಿತು.

ಮಾರ್ನಾಕಿನವರು ಒಂದು ಕಲ್ಲನ್ನೂ ಎಸೆಯಲಿಲ್ಲ. ವಾರವಾರವೂ ಕೂಡಿ ಹಾಡಿ, ಬಡವರ ಲೆಕ್ಕವನ್ನು ಕೂಡಿ ನೋಡಿ ಪಳಗಿದ ಜನರು ಅಂದು ಕೂಡಿಯೇ ಎದ್ದು ಹೋದರು. ಸ್ವಾತಂತ್ರ್ಯದ ಅಭ್ಯಾಸವು ಇಂತಹ ಸಣ್ಣ ಕೂಟಗಳಲ್ಲಿಯೇ ಆಗುವುದೆಂಬುದನ್ನು ವಾಚಕರು ಮನಗಾಣಬಹುದು.