ಲಂಡನ್ನಿನ ಜಾರ್ಜ್ ಅರಸರ ಕಾಲದ ಇಟ್ಟಿಗೆಯ ಮನೆಗಳು

ಇಂಗ್ಲೆಂಡಿನಲ್ಲಿ 1714 ರಿಂದ 1830 ರ ವರೆಗೆ ಜಾರ್ಜ್ ಎಂಬ ಹೆಸರಿನ ನಾಲ್ವರು ಅರಸರು ಅನುಕ್ರಮವಾಗಿ ಆಳಿದರು. ಆ ಕಾಲದಲ್ಲಿ ಲಂಡನ್ ನಗರದಲ್ಲಿ ಎದ್ದ ಇಟ್ಟಿಗೆಯ ಸಾಲುಮನೆಗಳ ಗಂಭೀರವಾದ ಸರಳತೆಯನ್ನು ಇಟಲಿಯ ಶಿಲ್ಪಾಚಾರ್ಯನಾದ ಪಲ್ಲಾಡಿಯೋವಿನ ಪ್ರಭಾವವೆಂದು ವಿಮರ್ಶಕರು ಹೇಳುವುದುಂಟು. ಪ್ರಮಾಣಗಳ ಮಟ್ಟಿಗೆ ಈ ಮಾತು ಸಾಧುವೇ ಆಗಿದೆ. ಮೊದಲನೆಯ ಮಹಡಿಯ ಕಿಟಕಿಗಳು ಎಲ್ಲಕ್ಕಿಂತಲೂ ನೀಳವಾಗಿದ್ದು, ಮೇಲುಮೇಲಕ್ಕೆ ಹೋದಂತೆ ಕುಗ್ಗುತ್ತ ಬರುವುದು ಆ ಸಂಪ್ರದಾಯಕ್ಕೆ ಸೇರಿದ್ದು. ಆದರೆ ಉಳಿದ ಹಲವು ಲಕ್ಷಣಗಳಿಗೆ ಮೂಲವು ಶಿಲ್ಪಗ್ರಂಥವಲ್ಲ, ರಾಜಶಾಸನ. ಆ ಶಾಸನಕ್ಕೆ ಮೂಲವು ಅಗ್ನಿಭಯ.

1666 ರ ಮಹಾಗ್ನಿಯಲ್ಲಿ ಮರದ ಮನೆಗಳಿಂದ ಕಿಕ್ಕಿರಿದಿದ್ದ ಲಂಡನ್ ದಗ್ಧವಾಯಿತು. ಮರುವರ್ಷದ ಶಾಸನವು ಹೊರಗೋಡೆಗಳು ಇಟ್ಟಿಗೆಯವು ಇಲ್ಲವೆ ಕಲ್ಲಿನವೇ ಆಗಬೇಕೆಂದು ವಿಧಿಸಿತು. 1707 ರ ಶಾಸನವು ಸೂರಿನಡಿಯ ಮರದ ಕಪೋತವನ್ನು ನಿಷೇಧಿಸಲಾಗಿ, ಗೋಡೆಯೇ ಮೇಲೆದ್ದು ಕೈಪಿಡಿಗೋಡೆಯಾಗಿ ಮಾಡನ್ನು ಮರೆಮಾಡಿತು. 1709 ರದು ಕಿಟಕಿಯ ಮರದ ಚೌಕಟ್ಟನ್ನು ಗೋಡೆಯ ಮುಖದಿಂದ 4 ಅಂಗುಲ ಒಳಕ್ಕೆ ಸರಿಸಿತು. ಮನೆಗಳನ್ನು ದರ್ಜೆಗಳಾಗಿ ವಿಭಾಗಿಸಿದ 1774 ರ ಶಾಸನವು ಆ ಚೌಕಟ್ಟನ್ನು ಇಟ್ಟಿಗೆಯ ಹಿಂದೆಯೇ ಹುದುಗಿಸಿತು. ಹೀಗಾಗಿ ಹೊರಗೆ ಕಾಣುವುದು ಮರದ ತೆಳುಗೆರೆ, ಅದರ ಸುತ್ತ ಆಳವಾದ ನೆರಳು. ಇಂದು ನಾವು ಮೆಚ್ಚುವುದು ಈ ನೆರಳನ್ನೇ! ಲಂಡನ್ನಿನ ಹೊರಗಣ ಊರುಗಳು ಇದನ್ನು ವಿಧಿಯ ನಿರ್ಬಂಧವಿಲ್ಲದೆ, ಬರಿಯ ಅನುಕರಣದಿಂದ ಮೆಲ್ಲಮೆಲ್ಲನೆ ಸ್ವೀಕರಿಸಿದವು.

ದೃಷ್ಟಪ್ರಯೋಜನವಿರುವಲ್ಲಿ ಅದೃಷ್ಟವನ್ನು ಕಲ್ಪಿಸಬಾರದೆಂಬುದು ಮೀಮಾಂಸಕರ ನ್ಯಾಯ. ಆದರೆ ಇದನ್ನು ವಿವೇಚನೆಯಿಲ್ಲದೆ ಎಲ್ಲೆಡೆಯೂ ಅನ್ವಯಿಸಲಾಗದು. ಈ ಮನೆಗಳಲ್ಲಿ ಕಾಣುವ ಮುಚ್ಚಿದ ಕಿಟಕಿಗಳೆಲ್ಲವೂ 1696 ರಿಂದ 1851 ರ ವರೆಗೆ ಜಾರಿಯಲ್ಲಿದ್ದ ಕಿಟಕಿ ತೆರಿಗೆಯ ಫಲವೆಂಬುದು ಜನಜನಿತವಾದ ಮಾತು. ಕೆಲವು ಹಾಗೆಯೇ ಇರಬಹುದು. ಆದರೆ ಮುಚ್ಚಿದ ಭಾಗದ ಇಟ್ಟಿಗೆಗಳು ಸುತ್ತಣ ಗೋಡೆಯೊಡನೆ ಹೆಣೆದುಕೊಂಡಿದ್ದು, ಹಿಂದುಗಡೆ ಹೊಗೆಗೂಡಿನ ಮಾರ್ಗವಿದ್ದಲ್ಲಿ ಅದು ಮೊದಲೇ ಕುರುಡಾಗಿ ಹುಟ್ಟಿದ ಕಿಟಕಿ. ಸಾಲಿನ ಸಾಮ್ಯವೊಂದೇ ಅದರ ಪ್ರಯೋಜನ. ಗೋಡೆಯನ್ನು ನೋಡದೆ ತೆರಿಗೆಯನ್ನು ಹೇಳುವುದು ಇತಿಹಾಸವೆನಿಸದು.

ಮುಂಭಾಗದ ಇಟ್ಟಿಗೆಗೆಲಸವನ್ನು ನಂಬುವಲ್ಲಿಯೂ ಎಚ್ಚರ ಬೇಕು. ಉದ್ದ ಇಟ್ಟಿಗೆ, ಅಡ್ಡ ಇಟ್ಟಿಗೆ ಒಂದೊಂದಾಗಿ ಬರುವ ಫ್ಲೆಮಿಷ್ ಕಟ್ಟು ಹೊರಗೆ ಕಂಡರೂ, ಅಡ್ಡ ಇಟ್ಟಿಗೆಗಳನ್ನು ಅರ್ಧಕ್ಕೆ ಮುರಿದು ಕೂರಿಸಿ, ಹಿಂದೆ ಕಳಪೆ ಇಟ್ಟಿಗೆ ತುಂಬಿದವರುಂಟು. ಗೇಣಿಯ ನೆಲದಲ್ಲಿ ಲಾಭಕ್ಕಾಗಿ ಕಟ್ಟಿದವರು ಗೇಣಿಯ ಅವಧಿಯನ್ನು ಮೀರಿ ಯೋಚಿಸಲಿಲ್ಲ.

ಅಲಂಕಾರವೆಲ್ಲ ಬಾಗಿಲಿಗೆ ಬಂದು ನೆಲಸಿತು. 1775 ರಲ್ಲಿ ಆರಂಭವಾದ ಬೆಡ್‌ಫರ್ಡ್ ಚೌಕದ ಮನೆಗಳಲ್ಲಿ ಬಾಗಿಲಿನ ಮೇಲೆ ಬೀಸಣಿಗೆಯಾಕಾರದ ಗಾಜಿನ ಗವಾಕ್ಷವಿದೆ, ಕಮಾನಿನ ನಡುಗಲ್ಲಿನಲ್ಲಿ ಮಾನವಮುಖವಿದೆ. ಅದು ಕಲ್ಲಿನಂತೆ ತೋರಿದರೂ ಕಲ್ಲಲ್ಲ. 1769 ರಿಂದ ಲ್ಯಾಂಬೆತ್‌ನಲ್ಲಿ ಎಲಿನರ್ ಕೋಡ್ ಎಂಬಾಕೆ ಅಚ್ಚಿನಲ್ಲಿ ಎರಕಮಾಡಿ, ಆವಿಗೆಯಲ್ಲಿ ಸುಡಿಸಿ ಮಾರುತ್ತಿದ್ದ ಮಣ್ಣು.